‘ಬಿಡ್ತು ಅನ್ನು’ ಎನ್ನುವ ಮುನ್ನ: ಹೆತ್ತವರ ಕೊನೆಗಾಲ ಮತ್ತು ಮನೆಯವರ ಮೌನ

ಸುಶ್ರುತ ಸಂಹಿತೆಯು ವ್ಯಾಧಿಗಳನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಕೊನೆಯದು ‘ಸ್ವಭಾವಬಲಪ್ರವೃತ್ತ’. ಹಸಿವು, ನೀರಡಿಕೆ, ನಿದ್ರೆ, ಮುಪ್ಪು ಮತ್ತು ಮರಣ ಇವೆಲ್ಲ ಈ ಒಂದೇ ಗುಂಪಿಗೆ ಸೇರುತ್ತವೆ. ಯಾರ ತಪ್ಪಿನಿಂದಲೂ ಬಂದವಲ್ಲ, ದೇಹಧಾರಣೆಯ ಸ್ವಭಾವದಿಂದಲೇ ಬಂದವು ಎಂಬುದು ಇದರ ಅರ್ಥ. ಹಸಿವು, ನೀರಡಿಕೆ, ನಿದ್ರೆಗಳ ಬಗ್ಗೆ ನಾವು ಮನೆಯಲ್ಲಿ ದಿನವೂ ವಿಚಾರಿಸುತ್ತೇವೆ. ‘ಉಂಡೆಯೇನವ್ವಾ?’, ‘ರಾತ್ರಿ ನಿದ್ದಿ ಹತ್ತಿತೇನಪ್ಪಾ?’ ಎಂದು ಕೇಳುತ್ತೇವೆ. ಉಳಿದೆರಡರ ಮಾತು ಬಂದಾಗ ಮಾತ್ರ ಬಾಯಿ ಕಟ್ಟುತ್ತದೆ. ಹಿರಿಯರೊಬ್ಬರು ‘ನಾ ಹೋದ ಮ್ಯಾಲ...’ ಎಂದು ಆರಂಭಿಸಿದರೆ ಸಾಕು, ‘ಬಿಡ್ತು ಅನ್ನು, ಅಂಥಾ ಮಾತು ಆಡಬ್ಯಾಡ’ ಎಂದು ಮಕ್ಕಳು ಮಾತನ್ನು ಅಲ್ಲಿಗೇ ತಡೆಯುತ್ತಾರೆ.

ಹಾಗೆ ತಡೆಯುವುದರ ಹಿಂದೆ ಪ್ರೀತಿಯಿದೆ, ಅಂಜಿಕೆಯೂ ಇದೆ. ಆದರೆ ಅರ್ಧಕ್ಕೆ ನಿಂತ ಆ ಮಾತಿನಲ್ಲಿ ಏನಿತ್ತು ಎಂಬುದು ಮುಂದೆ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ನಿಂತಾಗ ಬೇಕಾಗುತ್ತದೆ. ಅಷ್ಟು ಹೊತ್ತಿಗೆ ಹೇಳಬೇಕಾದವರಿಗೆ ಹೇಳುವ ಶಕ್ತಿ ಉಳಿದಿರುವುದಿಲ್ಲ. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಔಷಧಕ್ಕಿಂತ ಮೊದಲು ಬೇಕಾದ ಒಂದು ಮಾತುಕತೆಯನ್ನು ವಿವೇಚಿಸೋಣ.

ಅಮೆರಿಕದ ಒಂದು ಮನೆಯ ಚಿತ್ರಕಥೆ

ಈ ಅಂಜಿಕೆ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ‘ದಿ ನ್ಯೂಯಾರ್ಕರ್’ ಪತ್ರಿಕೆಯ ವ್ಯಂಗ್ಯಚಿತ್ರಕಾರ್ತಿ ರಾಝ್ ಚಾಸ್ಟ್ ಅವರು 2014ರಲ್ಲಿ ಒಂದು ಆತ್ಮಕಥನವನ್ನು ಪ್ರಕಟಿಸಿದರು. ‘ಇದಕ್ಕಿಂತ ಹಿತವಾದ ಬೇರೇನಾದರೂ ಮಾತಾಡಬಾರದೇ?’ ಎಂಬುದು ಅದರ ಶೀರ್ಷಿಕೆಯ ಭಾವ. ನಮ್ಮ ‘ಬಿಡ್ತು ಅನ್ನು’ ಎಂಬುದರ ಇಂಗ್ಲಿಷ್ ರೂಪವೆಂದೇ ಇದನ್ನು ತಿಳಿಯಬಹುದು. ಪುಸ್ತಕದ ಬಹುಭಾಗ ಚಿತ್ರಗಳಲ್ಲಿಯೇ ಇದೆ. ಚಿತ್ರಗಳ ನಡುವೆ ಕೈಬರಹದ ಮಾತುಗಳಿವೆ. ವಿದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅದನ್ನು ಕಳುಹಿಸಿಕೊಟ್ಟಾಗ, ವ್ಯಂಗ್ಯಚಿತ್ರಗಳಲ್ಲಿ ವೈದ್ಯನು ಕಲಿಯುವುದೇನಿದ್ದೀತು ಎಂದುಕೊಂಡೇ ತೆರೆದೆ. ಓದಿ ಮುಗಿಸಿದಾಗ, ನಮ್ಮ ಯಲಬುರ್ಗಿ, ಕುಷ್ಟಗಿಯ ಮನೆಗಳ ಪಡಸಾಲೆಯಲ್ಲಿ ಕಾಣುವುದೇ ಅಲ್ಲಿಯೂ ಕಂಡಿತು.

ಚಾಸ್ಟ್ ಅವರು ತಂದೆ ತಾಯಿಗಳಿಗೆ ಒಬ್ಬಳೇ ಮಗಳು. ತಂದೆ ಶಾಲೆಯಲ್ಲಿ ಭಾಷೆಗಳ ಅಧ್ಯಾಪಕರು. ತಾಯಿ ಪ್ರಾಥಮಿಕ ಶಾಲೆಯೊಂದರ ಸಹಾಯಕ ಮುಖ್ಯಾಧ್ಯಾಪಕಿ. ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಹಳೆಯ ಮನೆಯಲ್ಲಿ ಇಬ್ಬರೇ ವಾಸವಾಗಿದ್ದರು. ಮುಂದೇನು ಎಂದು ಮಗಳು ಎಷ್ಟು ಬಾರಿ ಕೇಳಲು ಯತ್ನಿಸಿದರೂ ಇಬ್ಬರೂ ಮಾತು ಮರೆಸುತ್ತಿದ್ದರು. ತೊಂಬತ್ತು ದಾಟಿದ ತಾಯಿ ಒಂದು ದಿನ ಏಣಿಯ ಮೇಲಿಂದ ಬಿದ್ದರು. ತಂದೆಗೆ ಮರೆವು ಹೆಚ್ಚುತ್ತಿತ್ತು. ಹೆಂಡತಿ ಆಸ್ಪತ್ರೆಯಲ್ಲಿರುವುದೂ ಅವರಿಗೆ ಪದೇ ಪದೇ ಮರೆತುಹೋಗುತ್ತಿತ್ತು. ಅಲ್ಲಿಂದ ಮುಂದೆ ಎಲ್ಲ ತೀರ್ಮಾನಗಳೂ ಅವಸರದಲ್ಲಿ ಆದವು. ವೃದ್ಧರ ವಸತಿಗೆ ಸ್ಥಳಾಂತರ, ಅದರ ಭಾರೀ ವೆಚ್ಚ, ಕೂಡಿಟ್ಟ ಹಣ ಕರಗುವ ಚಿಂತೆ, ದಶಕಗಳ ಸಾಮಾನು ತುಂಬಿದ ಮನೆಯನ್ನು ಒಬ್ಬಳೇ ತೆರವು ಮಾಡುವ ಕಷ್ಟ ಇವೆಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ಚಿತ್ರಿಸಿದ್ದಾರೆ. ತಂದೆ 2007ರಲ್ಲಿ 95ನೆಯ ವಯಸ್ಸಿನಲ್ಲಿ, ತಾಯಿ 2009ರಲ್ಲಿ 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕದ ಕೊನೆಯಲ್ಲಿ ತಾಯಿಯ ಅಂತಿಮ ದಿನಗಳ ರೇಖಾಚಿತ್ರಗಳಿವೆ. ಅಲ್ಲಿ ಹಾಸ್ಯವಿಲ್ಲ, ಮಾತೂ ಹೆಚ್ಚಿಲ್ಲ. ಮಲಗಿರುವ ಒಂದು ಮುಖವಿದೆ, ಅದನ್ನು ನೋಡುತ್ತ ಕುಳಿತ ಮಗಳ ಕೈಯಿದೆ.

ಮಗಳಿಗೆ ಸೇವೆಯ ಜೊತೆಗೇ ಸಿಟ್ಟು, ಬೇಸರ, ಹಣದ ಲೆಕ್ಕಾಚಾರ, ತಪ್ಪಿತಸ್ಥ ಭಾವ ಎಲ್ಲವೂ ಬಂದವೆಂದು ಆಕೆ ಒಪ್ಪಿಕೊಳ್ಳುತ್ತಾರೆ. ಹೆತ್ತವರ ಸೇವೆಯನ್ನು ಪುಣ್ಯವೆಂದು ಹೊಗಳುವ ನಾವು ಸೇವೆ ಮಾಡುವವರ ದಣಿವನ್ನು ಕೇಳುವುದು ಅಪರೂಪ. ಈ ಪುಸ್ತಕದ ಮೊದಲ ಉಪಕಾರವೇ ಇದು: ದಣಿವು ಪಾಪವಲ್ಲವೆಂದು ಅದು ತಿಳಿಸುತ್ತದೆ.

ನಮ್ಮ ಭಾಗದ ಪರಿಸ್ಥಿತಿ

ನಮ್ಮ ಜಿಲ್ಲೆಯ ಸ್ಥಿತಿಗೆ ಬೇರೆಯದೇ ಆದ ಕಾರಣಗಳಿವೆ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಭತ್ತದ ಗದ್ದೆ ಮಕ್ಕಳನ್ನು ಊರಲ್ಲಿಯೇ ಉಳಿಸಿಕೊಂಡೀತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಿಗಳ ಹಳ್ಳಿಗಳಿಂದ ದುಡಿಯುವ ಮಕ್ಕಳು ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುತ್ತಾರೆ. ಕಲಿತವರು ಇನ್ನೂ ದೂರ ಹೋಗುತ್ತಾರೆ. ಊರಿನಲ್ಲಿ ಮುದುಕ ಮುದುಕಿಯರು, ಕೆಲವೊಮ್ಮೆ ಮೊಮ್ಮಕ್ಕಳು ಉಳಿಯುತ್ತಾರೆ.

ಕಾಯಿಲೆ ಬಿಗಡಾಯಿಸಿದಾಗ ಹುಬ್ಬಳ್ಳಿಗೋ ಬಳ್ಳಾರಿಗೋ ಬಾಗಲಕೋಟೆಗೋ ಓಡಬೇಕು. ದಿನವೂ ಅನ್ನ ನೀರು ನೋಡಿಕೊಂಡ ಸೊಸೆಗೆ ಅಥವಾ ಮಗಳಿಗೆ ಹಿರಿಯರ ದೇಹ ಎಷ್ಟು ಸೋತಿದೆಯೆಂಬುದು ಗೊತ್ತಿರುತ್ತದೆ. ಆದರೆ ತೀರ್ಮಾನ ತೆಗೆದುಕೊಳ್ಳುವವನು ರಾತ್ರಿ ಬಸ್ಸಿಗೆ ಬಂದಿಳಿದ ದೂರದೂರಿನ ಮಗ. ಆರು ತಿಂಗಳು ನೋಡದ ಕಳವಳದಲ್ಲಿ ಅವನು ‘ಎಷ್ಟರ ಖರ್ಚಾಗಲಿ, ಎಲ್ಲಾ ಮಾಡ್ರಿ’ ಎನ್ನುತ್ತಾನೆ. ಅದು ಪ್ರೀತಿಯ ಮಾತೇ ಹೌದು. ಆದರೆ ‘ಎಲ್ಲಾ’ ಎಂದರೆ ಗಂಟಲಿಗೆ ಕೊಳವೆ, ಎದೆಯ ಮೇಲೆ ಒತ್ತಡ, ಕಟ್ಟಿದ ಕೈಗಳು, ಗಾಜಿನ ಆಚೆ ನಿಂತ ಬಂಧುಗಳು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಯಲಬುರ್ಗಿ ಕಡೆಯ ಒಬ್ಬ ವೃದ್ಧ ರೈತರು ಹಲವು ವರ್ಷ ನನ್ನಲ್ಲಿ ಸಂಧಿವಾತಕ್ಕೆ ಔಷಧ ಪಡೆಯುತ್ತಿದ್ದರು. ಮೂತ್ರಪಿಂಡಗಳು ಸೋತು, ಮೇಲೆ ಪಾರ್ಶ್ವವಾಯುವೂ ಬಂದು ಅವರು ಪ್ರಜ್ಞೆ ತಪ್ಪಿದಾಗ ಮಕ್ಕಳು ದೊಡ್ಡ ಊರಿಗೆ ಕರೆದೊಯ್ದರು. ಹನ್ನೊಂದು ದಿನ ಕೃತಕ ಉಸಿರಾಟದಲ್ಲಿದ್ದು ತೀರಿಕೊಂಡರು. ಎರಡು ಎಕರೆ ಹೊಲ ಹೋಯಿತು. ಆ ಹೊಲದ ಬದುವಿನಲ್ಲಿಯೇ ತಮ್ಮನ್ನು ಇರಿಸಬೇಕೆಂದು ಅವರು ಹೆಂಡತಿಯ ಮುಂದೆ ಹೇಳಿದ್ದರಂತೆ. ಮಕ್ಕಳ ಮುಂದೆ ಹೇಳಹೋದಾಗ ‘ಬಿಡ್ತು ಅನ್ನು’ ಎಂದರಂತೆ. ಚಿಕಿತ್ಸೆ ಮಾಡಿಸಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಗುಣವಾಗುವ ಸಾಧ್ಯತೆಯಿದ್ದರೆ ಹೊಲ ಮಾರಿಯಾದರೂ ಉಳಿಸಿಕೊಳ್ಳಬೇಕು. ಅವರ ಇಚ್ಛೆ ಏನೆಂಬುದು ತೀರ್ಮಾನ ತೆಗೆದುಕೊಂಡವರಿಗೆ ತಿಳಿದಿರಲಿಲ್ಲ ಎಂಬುದೇ ನೋವಿನ ಸಂಗತಿ.

ಚರಕ ಸಂಹಿತೆಯ ಎಚ್ಚರಿಕೆ

ಇಲ್ಲಿ ಆಯುರ್ವೇದದ ಅಭ್ಯಾಸಿಗಳು ಒಂದು ಆಕ್ಷೇಪವನ್ನು ಎತ್ತಬಹುದು. ಚರಕ ಸಂಹಿತೆಯ ಇಂದ್ರಿಯಸ್ಥಾನವು ಹನ್ನೆರಡು ಅಧ್ಯಾಯಗಳಲ್ಲಿ ಅರಿಷ್ಟ ಲಕ್ಷಣಗಳನ್ನು, ಅಂದರೆ ಮರಣವನ್ನು ಸೂಚಿಸುವ ಚಿಹ್ನೆಗಳನ್ನು ವಿವರಿಸುತ್ತದೆ. ಅದರ ಕೊನೆಯ ಅಧ್ಯಾಯದಲ್ಲಿ ವೈದ್ಯನಿಗೆ ಒಂದು ಕಟ್ಟಳೆಯಿದೆ: ಮರಣದ ಚಿಹ್ನೆಗಳು ಕಂಡರೂ ಕೇಳದೆ ಹೇಳಬಾರದು, ಕೇಳಿದರೂ, ರೋಗಿಗಾಗಲಿ ಬೇರೆಯವರಿಗಾಗಲಿ ಆಘಾತವಾಗುವುದಿದ್ದರೆ ಹೇಳಬಾರದು. ಹೀಗಿರುವಾಗ ಸಾವಿನ ಮಾತನ್ನು ಆಡಿರೆಂದು ವೈದ್ಯನೇ ಹೇಳುವುದು ಶಾಸ್ತ್ರವಿರೋಧವಲ್ಲವೇ?

ಈ ಕಟ್ಟಳೆಯನ್ನು ಪೂರ್ತಿಯಾಗಿ ಓದಬೇಕು. ಮರಣವನ್ನು ಘೋಷಿಸಬೇಡ ಎಂದ ಗ್ರಂಥವೇ, ಅಂಥ ರೋಗಿಗೆ ಚಿಕಿತ್ಸೆ ಮಾಡುವ ಹಂಬಲವನ್ನೂ ಇಟ್ಟುಕೊಳ್ಳಬೇಡ ಎಂದು ಅಲ್ಲಿಯೇ ಮುಂದುವರಿಸುತ್ತದೆ. ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ ಮತ್ತು ಪ್ರತ್ಯಾಖ್ಯೇಯ ಎಂದು ವಿಂಗಡಿಸಿ, ಅಸಾಧ್ಯಕ್ಕೆ ಕೈಹಾಕುವ ವೈದ್ಯನು ಹಣವನ್ನೂ ಕೀರ್ತಿಯನ್ನೂ ವಿದ್ಯೆಯ ಗೌರವವನ್ನೂ ಕಳೆದುಕೊಳ್ಳುತ್ತಾನೆಂದು ಎಚ್ಚರಿಸಿದೆ. ವೈದ್ಯನ ನಾಲ್ಕು ವೃತ್ತಿಗಳಲ್ಲಿ ಮೈತ್ರಿ ಮತ್ತು ರೋಗಿಗಳಲ್ಲಿ ಕಾರುಣ್ಯ ಮೊದಲು ಬರುತ್ತವೆ; ಸಾಧ್ಯವಾದುದರಲ್ಲಿ ಪ್ರೀತಿ ಅನಂತರ; ಪ್ರಕೃತಿಗೆ ಮರಳುತ್ತಿರುವವರ ವಿಷಯದಲ್ಲಿ ‘ಉಪೇಕ್ಷಾ’ ಕೊನೆಯದು. ಉಪೇಕ್ಷೆಯನ್ನು ಇಂದಿನ ಕನ್ನಡದ ಅಲಕ್ಷ್ಯವೆಂಬ ಅರ್ಥದಲ್ಲಿ ತಿಳಿಯಬಾರದು. ಫಲವಿಲ್ಲದ ಹೋರಾಟವನ್ನು ನಿಲ್ಲಿಸಿ ಸಮಚಿತ್ತದಿಂದ ಬಳಿಯಲ್ಲಿರುವುದು ಎಂದು ನಾನು ಅದನ್ನು ಗ್ರಹಿಸುತ್ತೇನೆ. ಕಾರುಣ್ಯವಂತೂ ಎಂದಿಗೂ ನಿಲ್ಲುವಂತಿಲ್ಲ.

ಇನ್ನು, ನಾನು ಇಲ್ಲಿ ಸೂಚಿಸುತ್ತಿರುವುದು ಹಿರಿಯರಿಗೆ ಸಾವಿನ ಸುದ್ದಿಯನ್ನು ಹೇಳುವುದನ್ನಲ್ಲ, ಅವರನ್ನು ಕೇಳುವುದನ್ನು. ಕನ್ನಡದ ‘ಕೇಳು’ ಎಂಬ ಕ್ರಿಯಾಪದಕ್ಕೆ ಪ್ರಶ್ನಿಸು, ಆಲಿಸು ಎಂಬ ಎರಡು ಅರ್ಥಗಳಿವೆ. ಈ ಸಂದರ್ಭಕ್ಕೆ ಎರಡೂ ಬೇಕು.

ವಿಜಯಪುರದ ಒಂದು ಪತ್ರ

ಇದಕ್ಕೆ ಉಜ್ವಲವಾದ ನಿದರ್ಶನವು ನಮ್ಮ ಕಣ್ಣಮುಂದೆಯೇ ಇದೆ. ವಿಜಯಪುರದ ಜ್ಞಾನಯೋಗಾಶ್ರಮದ ಪೂಜ್ಯ ಸಿದ್ಧೇಶ್ವರ ಸ್ವಾಮೀಜಿಯವರು 2014ರ ಗುರುಪೂರ್ಣಿಮೆಯ ಸಂದರ್ಭದಲ್ಲಿಯೇ ‘ಅಂತಿಮ ಅಭಿವಂದನ ಪತ್ರ’ವನ್ನು ಬರೆದಿರಿಸಿದ್ದರು. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಚಿತಾಭಸ್ಮವನ್ನು ಜಲದಲ್ಲಿ ವಿಸರ್ಜಿಸಬೇಕು, ಸ್ಮಾರಕವನ್ನು ನಿರ್ಮಿಸಬಾರದು ಎಂಬುದು ಅದರ ಸಾರ. ಕೊನೆಯ ಅಸ್ವಸ್ಥತೆಯಲ್ಲಿ ಅವರು ಆಸ್ಪತ್ರೆಗೆ ಹೋಗಲು ಒಪ್ಪದೆ ಆಶ್ರಮದಲ್ಲಿಯೇ ಉಳಿದರು. 2023ರ ಜನವರಿ 2ರಂದು ಅಲ್ಲಿಯೇ ದೇಹತ್ಯಾಗ ಮಾಡಿದರು. ಮರುದಿನ ಲಕ್ಷಾಂತರ ಭಕ್ತರು ನೆರೆದಿದ್ದಾಗ, ಅವರು ಬರೆದಿರಿಸಿದಂತೆಯೇ ಅಂತ್ಯಕ್ರಿಯೆ ನಡೆಯಿತು.

ಅವರ ವೈರಾಗ್ಯವನ್ನು ಎಲ್ಲರೂ ಸ್ಮರಿಸುತ್ತಾರೆ. ವೈದ್ಯನಾಗಿ ನನಗೆ ಮುಖ್ಯವೆನಿಸುವುದು ಇನ್ನೊಂದು ಅಂಶ. ಸ್ವಾಮಿಗಳಿಗೆ ಸಮಾಧಿ ಕಟ್ಟುವುದು ನಮ್ಮ ಭಾಗದ ವಾಡಿಕೆ. ಅವರ ಇಚ್ಛೆ ಅದಕ್ಕಿಂತ ಭಿನ್ನವಾಗಿತ್ತು. ಬಾಯಿಮಾತಿನಲ್ಲಿಯೇ ಉಳಿದಿದ್ದರೆ ಭಕ್ತರ ಪ್ರೀತಿಯೇ ಅದನ್ನು ಮೀರಿಬಿಡಬಹುದಾಗಿತ್ತು. ಎಂಟು ವರ್ಷಗಳಿಗೂ ಮೊದಲೇ, ದೇಹ ಮನಸ್ಸುಗಳು ಸ್ವಸ್ಥವಾಗಿದ್ದಾಗ ಬರೆದಿರಿಸಿದ್ದರಿಂದ ಅವರ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಊಹಿಸಬೇಕಾಗಲಿಲ್ಲ. ‘ಶರಣರ ಗುಣವನ್ನು ಮರಣದಲ್ಲಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ಸಂಸಾರಿಗಳೂ ಆ ಗುಣದ ಒಂದಂಶವನ್ನು ಅನುಸರಿಸಬಹುದು. ಅದಕ್ಕೆ ಸನ್ಯಾಸ ಬೇಕಿಲ್ಲ. ಒಂದು ಹಾಳೆ, ಒಂದು ಲೇಖನಿ, ಕುಳಿತು ಕೇಳುವ ಮಕ್ಕಳು ಸಾಕು.

ಕಾನೂನು ನೀಡಿರುವ ಅವಕಾಶ

ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗವೆಂದು ತೀರ್ಪಿತ್ತು, ಮುಂಚಿತ ವೈದ್ಯಕೀಯ ನಿರ್ದೇಶನವನ್ನು ಮಾನ್ಯಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವು 2025ರ ಜನವರಿ ಕೊನೆಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ಗೌರವಯುತ ಮರಣದ ಹಕ್ಕಿಗಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಗಳಿಗೆ ಮೊರೆಯಿಟ್ಟಿದ್ದನ್ನು ಈ ಸಂದರ್ಭದಲ್ಲಿ ನೆನೆಯಬೇಕು.

ಈ ನಿರ್ದೇಶನ ಪತ್ರದ ಮುಖ್ಯಾಂಶಗಳು ಇಂತಿವೆ. ಸ್ವಸ್ಥ ಮನಸ್ಸಿನ ವಯಸ್ಕರು ಯಾರ ಒತ್ತಾಯವೂ ಇಲ್ಲದೆ ಇದನ್ನು ಬರೆಯಬೇಕು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಜೀವರಕ್ಷಕ ಚಿಕಿತ್ಸೆ ಬೇಡ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ತಾವು ಮಾತನಾಡಲಾರದಾದಾಗ ತಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನು ನಮೂದಿಸಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಪ್ರತಿಯನ್ನು ಹೆಸರಿಸಿದ ಬಂಧುಗಳಿಗೂ ಕುಟುಂಬ ವೈದ್ಯರಿಗೂ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಬದಲಿಸಬಹುದು, ರದ್ದುಪಡಿಸಬಹುದು.

ಪತ್ರವಿದ್ದ ಮಾತ್ರಕ್ಕೆ ಯಾರೂ ಚಿಕಿತ್ಸೆಯನ್ನು ಥಟ್ಟನೆ ನಿಲ್ಲಿಸುವಂತಿಲ್ಲ. ಆಸ್ಪತ್ರೆಯ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಅನಂತರ ಬೇರೆ ಮೂವರ ದ್ವಿತೀಯ ಮಂಡಳಿ ಪರಿಶೀಲಿಸಿ ಒಪ್ಪಬೇಕು. ಹೆಸರಿಸಿದ ಬಂಧುಗಳ ಸಮ್ಮತಿ ಬೇಕು. ಜಾರಿಗೆ ಮುನ್ನ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಚುಚ್ಚುಮದ್ದು ಕೊಟ್ಟು ಸಾಯಿಸುವ ದಯಾಮರಣಕ್ಕೆ ನಮ್ಮ ದೇಶದಲ್ಲಿ ಅನುಮತಿಯಿಲ್ಲ. ಆಸ್ತಿಗಾಗಿ ಹಿರಿಯರ ಚಿಕಿತ್ಸೆಯನ್ನು ತಪ್ಪಿಸಲೂ ಈ ಕಾನೂನು ದಾರಿಯಲ್ಲ. ಹೆತ್ತವರನ್ನು ಕಡೆಗಣಿಸುವ ಮಕ್ಕಳ ವಿರುದ್ಧ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆ ಇದೆ; ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ದೂರು ಕೊಡಬಹುದು. ಹಿರಿಯರ ಸಹಾಯವಾಣಿ 14567.

ಮಾತು ಆರಂಭಿಸುವ ಬಗೆ

ಹಬ್ಬದ ದಿನ, ಎಲ್ಲರೂ ನೆರೆದ ಗದ್ದಲದಲ್ಲಿ ಈ ಮಾತು ಬೇಡ. ಆಸ್ಪತ್ರೆಯ ಹಾಸಿಗೆಯ ಬಳಿಯೂ ಬೇಡ. ಜಾತ್ರೆಗೆಂದು ಮಕ್ಕಳು ಊರಿಗೆ ಬಂದಾಗ, ಗದ್ದಲ ಮುಗಿದ ಮರುದಿನ, ಊಟವಾದ ಮೇಲಿನ ಹೊತ್ತು ಒಳ್ಳೆಯದು. ಊರಿನಲ್ಲಿ ಬೇರೆಯವರ ಮನೆಯಲ್ಲಾದ ಸಾವಿನ ಮಾತು ಬಂದಾಗ ಹಿರಿಯರು ತಾವೇ ಬಾಯಿಬಿಡುವುದುಂಟು. ಆಗ ತಡೆಯದೆ, ‘ನಿನ್ನ ಮನಸ್ಸಿನ್ಯಾಗ ಏನೈತಿ ಹೇಳವ್ವಾ’ ಎಂದರೆ ಸಾಕು. ಒಂದೇ ದಿನ ಎಲ್ಲವನ್ನೂ ಕೇಳಬೇಕಿಲ್ಲ. ಕೇಳಿದ್ದನ್ನು ಬರೆದಿಟ್ಟು, ಅವರಿಗೆ ಓದಿ ಹೇಳಿ, ಎಲ್ಲ ಮಕ್ಕಳಿಗೂ ಒಂದೇ ರೀತಿಯಾಗಿ ತಿಳಿಸಬೇಕು. ಕೇಳಬಹುದಾದ ವಿಷಯಗಳು ಇವು:

1. ಕಾಯಿಲೆಯ ವಿಷಯ ನಿಮಗೆ ಪೂರ್ತಿ ತಿಳಿಯಬೇಕೇ, ಮಕ್ಕಳಿಗೆ ತಿಳಿದರೆ ಸಾಕೇ? (ಚರಕನ ಎಚ್ಚರಿಕೆಯನ್ನು ಪಾಲಿಸುವ ವಿಧಾನವೂ ಇದೇ.)
2. ಗುಣವಾಗದು ಎಂದು ವೈದ್ಯರು ಹೇಳಿದ ಮೇಲೆ ಆಸ್ಪತ್ರೆಯಲ್ಲಿರಬೇಕೆನಿಸುತ್ತದೆಯೇ, ಮನೆಯಲ್ಲೇ?
3. ನೀವು ಮಾತನಾಡದ ಸ್ಥಿತಿಯಲ್ಲಿದ್ದಾಗ ಯಾರ ಮಾತು ನಡೆಯಬೇಕು?
4. ಹಣ, ಹೊಲ, ಕಾಗದಪತ್ರ, ಕೊಡುವ ತೆಗೆದುಕೊಳ್ಳುವ ಲೆಕ್ಕ ಎಲ್ಲಿವೆ?
5. ಯಾರನ್ನು ನೋಡಬೇಕು, ಯಾರೊಡನೆ ಮುನಿಸು ಮುರಿಯಬೇಕು?
6. ಅಂತ್ಯಕ್ರಿಯೆ ಹೇಗೆ, ಎಲ್ಲಿ? ನೇತ್ರದಾನ ಅಥವಾ ದೇಹದಾನದ ಮನಸ್ಸಿದೆಯೇ?

ಐದನೆಯ ಪ್ರಶ್ನೆಗೆ ಬರುವ ಉತ್ತರವೇ ಬಹಳ ಹೊತ್ತು ಹಿಡಿಯುತ್ತದೆ. ಅವಸರ ಮಾಡಬೇಡಿ.

ಕೊನೆಯ ದಿನಗಳ ಆರೈಕೆ

ಚಿಕಿತ್ಸೆ ಬೇಡವೆಂದರೆ ಆರೈಕೆ ಬೇಡವೆಂದಲ್ಲ. ಕೆಲಸ ಆಗ ಇನ್ನೂ ಹೆಚ್ಚುತ್ತದೆ. ವಾರ್ಧಕ್ಯದಲ್ಲಿ ವಾತವು ಪ್ರಬಲವಾಗಿರುತ್ತದೆ. ಒಣಚರ್ಮ, ನಿದ್ರಾನಾಶ, ಮಲಬದ್ಧತೆ, ನೋವು ಸಹಜ. ಎಣ್ಣೆ, ಬಿಸುಪು, ಮೃದು ಆಹಾರ, ನೆಮ್ಮದಿಯ ಮಾತು ವಾತಕ್ಕೆ ಹಿತ. ಬೆಚ್ಚಗಿನ ಎಳ್ಳೆಣ್ಣೆಯನ್ನು ಕೈಕಾಲುಗಳಿಗೆ ಹಗುರವಾಗಿ ಸವರಬಹುದು. ಗಾಯವಾದ, ಕೆಂಪೇರಿದ ಜಾಗಕ್ಕೆ ತಿಕ್ಕಬಾರದು.

ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಎಲುಬಿನ ಮೇಲಿನ ಚರ್ಮವನ್ನು ದಿನವೂ ನೋಡಬೇಕು. ಬಟ್ಟೆ ಒದ್ದೆಯಾದ ಕೂಡಲೇ ಬದಲಿಸಬೇಕು. ಬಾಯಿಯನ್ನು ಒದ್ದೆ ಹತ್ತಿಯಿಂದ ಒರೆಸಿ ತುಟಿಗೆ ತುಪ್ಪ ಸವರಬೇಕು.

ಊಟದ ವಿಷಯದಲ್ಲಿ ಮನೆಯವರು ಹೆಚ್ಚು ಸಂಕಟಪಡುತ್ತಾರೆ. ಅಂತಿಮ ದಿನಗಳಲ್ಲಿ ಅಗ್ನಿಯು ಮಂದವಾಗಿ ಹಸಿವು ನೀರಡಿಕೆಗಳು ತಾವಾಗಿಯೇ ಇಳಿಯುತ್ತವೆ. ಬಲವಂತವಾಗಿ ಬಾಯಿಗೆ ಹಾಕಿದ ಗಂಜಿ ಶ್ವಾಸನಾಳಕ್ಕೆ ಇಳಿದು ಕಷ್ಟವನ್ನು ಹೆಚ್ಚಿಸುತ್ತದೆ. ಎಚ್ಚರವಿದ್ದಾಗ ತಲೆಯನ್ನು ಎತ್ತರಿಸಿ, ಬೇಡಿದಷ್ಟನ್ನು ಚಮಚದಲ್ಲಿ ಕೊಡಿ. ಉಣ್ಣದೆ ಇರುವುದರಿಂದ ಸಾಯುತ್ತಿದ್ದಾರೆಂದು ತಿಳಿಯಬೇಡಿ. ದೇಹ ಮುಗಿಯುತ್ತಿರುವುದರಿಂದ ಉಣ್ಣುವುದು ನಿಂತಿದೆ.

ನೋವನ್ನು ಸಹಿಸಿಕೊಳ್ಳಲೇಬೇಕೆಂಬ ನಿಯಮವಿಲ್ಲ. ಅರ್ಬುದದಂಥ ರೋಗಗಳ ತೀವ್ರ ನೋವಿಗೆ ಮಾರ್ಫಿನ್ ಮಾತ್ರೆ ಅತ್ಯುಪಯುಕ್ತ. ತಜ್ಞರ ಸಲಹೆಯಂತೆ ಕೊಟ್ಟರೆ ಚಟದ ಭಯ ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ಕುರಿತು ವಿಚಾರಿಸಿ. ಬೆಂಗಳೂರಿನ ಕರುಣಾಶ್ರಯವು ಅಂತಿಮ ಹಂತದ ಅರ್ಬುದ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಈ ಹಂತದಲ್ಲಿ ‘ಪವಾಡದ ಔಷಧ’ ಕೊಡುವೆನೆಂದು ಬರುವವರನ್ನು, ಅವರು ಆಯುರ್ವೇದದ ಹೆಸರನ್ನೇ ಹೇಳಿದರೂ ದೂರವಿಡಿ. ಮೂತ್ರಪಿಂಡ ಸೋತವರಿಗೆ ವೈದ್ಯರ ಸಲಹೆಯಿಲ್ಲದೆ ಭಸ್ಮ, ರಸೌಷಧಗಳನ್ನು ಕೊಡಲೇಬಾರದು.

ಸೇವೆ ಮಾಡುವವರಿಗೂ ವಿಶ್ರಾಂತಿ ಬೇಕು. ವಾರಕ್ಕೊಂದು ರಾತ್ರಿಯಾದರೂ ಬೇರೊಬ್ಬರು ಎಚ್ಚರವಿರಲಿ. ದೂರದ ಮಕ್ಕಳು ಹಣ ಕಳುಹಿಸುವುದರ ಜೊತೆಗೆ ಸರದಿಯಂತೆ ಬಂದು ಕೂಡಲಿ. ಅಕ್ಕಪಕ್ಕದವರು, ಮಠದ ಭಕ್ತಮಂಡಳಿಯವರು ಒಂದು ಹೊತ್ತಿನ ರೊಟ್ಟಿಯನ್ನಾದರೂ ಆ ಮನೆಗೆ ಮುಟ್ಟಿಸಿದರೆ ಅದೂ ದಾಸೋಹವೇ.

ಕುಷ್ಟಗಿ ಕಡೆಯ ಒಬ್ಬ ತಾಯಿ, ಅರ್ಬುದವು ಹರಡಿದೆಯೆಂದು ತಿಳಿದಾಗ ಮಗಳನ್ನು ಕೂಡಿಸಿಕೊಂಡು ಎಲ್ಲವನ್ನೂ ಹೇಳಿದರು. ಮನೆ ಬಿಟ್ಟು ಹೋಗುವುದಿಲ್ಲ, ನೋವಿಗೆ ಮಾತ್ರ ಔಷಧ ಸಾಕು, ಮುನಿಸಿಕೊಂಡ ತಮ್ಮನನ್ನು ಕರೆಸಬೇಕು ಎಂಬ ಮೂರೇ ಮಾತು. ತಮ್ಮ ಬಂದ, ನಾಲ್ಕು ದಿನ ಅಕ್ಕನ ಮಗ್ಗುಲಲ್ಲಿಯೇ ಮಲಗಿದ. ಅವರು ಪಡಸಾಲೆಯಲ್ಲಿ, ಮಗಳ ತೊಡೆಯ ಮೇಲೆ ತಲೆಯಿಟ್ಟು ಲಿಂಗೈಕ್ಯರಾದರು. ರೋಗ ಗುಣವಾಗಲಿಲ್ಲ. ಆದರೆ ಆ ಮನೆಯಲ್ಲಿ, ನಾವು ಸರಿಯಾಗಿ ಮಾಡಿದೆವೋ ಇಲ್ಲವೋ ಎಂಬ ಪ್ರಶ್ನೆ ಉಳಿಯಲಿಲ್ಲ. ಹೆತ್ತವರು ತಮ್ಮ ಕೊನೆಯ ಮಾತನ್ನು ಆಡುವುದರಿಂದ ಮಕ್ಕಳಿಗೆ ದೊರೆಯುವ ನೆಮ್ಮದಿ ಅದು. ಆದ್ದರಿಂದ ಮುಂದಿನ ಬಾರಿ ಹಿರಿಯರು ‘ನಾ ಹೋದ ಮ್ಯಾಲ...’ ಎಂದು ಆರಂಭಿಸಿದಾಗ ತಡೆಯಬೇಡಿ. ಬಳಿಯಲ್ಲಿ ಕುಳಿತು, ಆ ಮಾತನ್ನು ಪೂರ್ತಿಯಾಗಿ ಕೇಳಿ.